ಕಾಳೋ, ಬೀಜವೋ? ಗಡಿ ದಾಟುವ ಕುಲಾಂತರಿಗಳಿಗೆ ಇರುವ ಕಟ್ಟುಪಾಡು

ನೂರು ಗ್ರಾಂ ಹತ್ತಿ ಬೀಜವೆಂದರೆ ಎಷ್ಟಾದೀತು? ಒಂದು ಬೊಗಸೆ ತುಂಬಿದರೆ ಹೆಚ್ಚು. ಎಣಿಸಿದರೆ ಸಾವಿರದ ಆಸುಪಾಸು. 1995ರಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು ಮಹಿಕೊ ಎಂಬ ಬೀಜ ಕಂಪನಿಗೆ ಅಮೆರಿಕದಿಂದ ಇಷ್ಟೇ ಬೀಜವನ್ನು ತರಿಸಿಕೊಳ್ಳಲು ಅನುಮತಿ ನೀಡಿತು. ಅದು 'ಕೋಕರ್-312' ಎಂಬ ಹತ್ತಿ ತಳಿ. ಅದರಲ್ಲಿ ಮಣ್ಣಿನಲ್ಲಿರುವ ಒಂದು ದುಂಡಾಣುವಿನ ವಂಶವಾಹಿಯನ್ನು ಸೇರಿಸಲಾಗಿತ್ತು. ಆ ಬೀಜದಿಂದ ಬೆಳೆಸಿದ ಗಿಡಗಳನ್ನು ನಮ್ಮ ತಳಿಗಳೊಡನೆ ಸಂಕರಿಸಿ, ವರ್ಷಗಳ ಕಾಲ ಪರೀಕ್ಷೆ ನಡೆಸಿ, 2002ರ ಮಾರ್ಚ್ 26ರಂದು ಮೂರು ಬಿ.ಟಿ. ಹತ್ತಿ ಸಂಕರಣ ತಳಿಗಳ ಬೇಸಾಯಕ್ಕೆ ಒಪ್ಪಿಗೆ ಕೊಡಲಾಯಿತು. ಈಗ ದೇಶದ ಹತ್ತಿ ಕ್ಷೇತ್ರದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಬಿ.ಟಿ. ಹತ್ತಿಯೇ. ರಾಯಚೂರಿನಲ್ಲಾಗಲಿ, ಹಾವೇರಿಯಲ್ಲಾಗಲಿ, ಹೆಗ್ಗಡದೇವನಕೋಟೆಯಲ್ಲಾಗಲಿ ಹತ್ತಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿ.ಟಿ. ಹತ್ತಿಯಿಂದ ಆದ ಲಾಭ ನಷ್ಟಗಳ ಲೆಕ್ಕ ಈ ಲೇಖನದ ವಿಷಯವಲ್ಲ. ಇಲ್ಲಿ ಗಮನಿಸಬೇಕಾದುದು ಬೇರೆ. ಆ ಬೊಗಸೆ ಬೀಜ ದೇಶದೊಳಕ್ಕೆ ಬರುವ ಮೊದಲು ಒಂದು ಅರ್ಜಿ ಬಂದಿತ್ತು, ಅದರ ಪರಿಶೀಲನೆ ನಡೆದಿತ್ತು, ಅನುಮತಿ ಪತ್ರ ಹೊರಟಿತ್ತು. ಅದೇ ಬಗೆಯ ಧಾನ್ಯ ನೂರು ಗ್ರಾಂ ಅಲ್ಲ, ಹಡಗಿನ ತುಂಬ ಸಾವಿರಾರು ಟನ್ ಬಂದರೆ, 'ಇದು ಬಿತ್ತುವುದಕ್ಕಲ್ಲ, ತಿನ್ನುವುದಕ್ಕೆ' ಎಂದು ಹೇಳಿ ಬಂದರೆ, ಆಗ ಏನು ಮಾಡಬೇಕು? ಜಗತ್ತಿನ ದೇಶಗಳೆಲ್ಲ ಕುಳಿತು ಹಲವು ವರ್ಷ ವಾದಿಸಿದ್ದು ಮುಖ್ಯವಾಗಿ ಈ ಒಂದು ಪ್ರಶ್ನೆಯ ಮೇಲೆ. ಸಿಕ್ಕಿದ ಉತ್ತರ ಇಂದಿಗೂ ಅರೆಬರೆಯಾಗಿಯೇ ಇದೆ.

ಕುಲಾಂತರಿ ಎಂದರೆ ಯಾವುದು?

ಈ ಮಾತು ಪತ್ರಿಕೆಗಳಲ್ಲಿ ಸಡಿಲವಾಗಿ ಬಳಕೆಯಾಗುತ್ತಿರುವುದರಿಂದ ಮೊದಲು ಇದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ಧಾರವಾಡದಲ್ಲಿ ಡಾ. ಬಿ. ಎಚ್. ಕತರ್ಕಿಯವರು 1972ರಲ್ಲಿ ಹೊರತಂದ 'ವರಲಕ್ಷ್ಮಿ' ಹತ್ತಿಯನ್ನು ಹಿರಿಯ ರೈತರು ಮರೆತಿರಲಾರರು. ಎರಡು ಬೇರೆ ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ ಮಾಡಿದ ಸಂಕರಣ ಅದು. ಹೆಣ್ಣು ಗಿಡದ ಮೊಗ್ಗಿನಿಂದ ಕೇಸರಗಳನ್ನು ಕೈಯಿಂದ ಕಿತ್ತು, ಮರುದಿನ ಗಂಡು ಗಿಡದ ಪರಾಗವನ್ನು ಸವರಿ ಅದರ ಬೀಜೋತ್ಪಾದನೆ ನಡೆಯುತ್ತಿತ್ತು. ಹತ್ತಿಗೂ ಹತ್ತಿಗೂ ಆದ ಸಂಬಂಧ ಅದು. ಆದ್ದರಿಂದ ವರಲಕ್ಷ್ಮಿ ಕುಲಾಂತರಿಯಲ್ಲ.

ಸಹಜವಾಗಿ ಕೂಡಲಾರದ ಜೀವಿಯಿಂದ, ಉದಾಹರಣೆಗೆ ದುಂಡಾಣುವಿನಿಂದ, ಒಂದು ವಂಶವಾಹಿಯನ್ನು ಬಿಡಿಸಿ ತೆಗೆದು ಪ್ರಯೋಗಶಾಲೆಯಲ್ಲಿ ಗಿಡದ ಜೀವಕೋಶಕ್ಕೆ ಸೇರಿಸಿದರೆ ಅದು ಕುಲಾಂತರಿ. ಸೇರಿದ ಗುಣ ಮುಂದಿನ ಪೀಳಿಗೆಗೂ ಹೋಗುತ್ತದೆ, ಪರಾಗದ ಮೂಲಕ ಪಕ್ಕದ ಹೊಲಕ್ಕೂ ಹೋಗಬಹುದು. ನಾವು ಚರ್ಚಿಸಲಿರುವ ಅಂತರರಾಷ್ಟ್ರೀಯ ಒಪ್ಪಂದವು ಇದಕ್ಕೆ ಇನ್ನೊಂದು ಷರತ್ತನ್ನು ಸೇರಿಸಿದೆ: ಆ ವಸ್ತು ಜೀವಂತವಾಗಿರಬೇಕು, ಎಂದರೆ ತನ್ನ ವಂಶವನ್ನು ಮುಂದುವರಿಸುವ ಶಕ್ತಿ ಅದಕ್ಕೆ ಇರಬೇಕು. ಮೊಳೆಯುವ ಕಾಳು ಜೀವಂತ; ಬೀಸಿದ ಹಿಟ್ಟು ಜೀವಂತವಲ್ಲ. ಈ 'ಜೀವಂತ' ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದರ ಮೇಲೆಯೇ ಬಹಳಷ್ಟು ನಿಂತಿದೆ.

ಗಡಿಯಲ್ಲೇ ಏಕೆ ನೋಡಬೇಕು?

ಕಾಂಗ್ರೆಸ್ ಕಳೆ, ಅಂದರೆ ಪಾರ್ಥೇನಿಯಂ, ನಮ್ಮ ನಾಡಿನ ಗಿಡವಲ್ಲ. ಅದರ ತವರು ಮೆಕ್ಸಿಕೊ ಕಡೆಯ ಅಮೆರಿಕ ಖಂಡ. 1950ರ ದಶಕದ ನಡುವೆ ಪುಣೆಯಲ್ಲಿ ಗಮನಕ್ಕೆ ಬಂದ ಈ ಕಳೆ ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ಆವರಿಸಿತು. ಹೊರಗಿನಿಂದ ತರಿಸಿದ ಆಹಾರ ಧಾನ್ಯದ ಜೊತೆ ಅದರ ಬೀಜ ಬಂತೆಂಬುದು ಹೆಚ್ಚಿನವರ ನಂಬಿಕೆ. ಅದನ್ನು ಕಿತ್ತು ಕಿತ್ತು ಕೈಗೆ ತುರಿ ಹತ್ತಿಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿಯಿಲ್ಲ! ಇದು ಕುಲಾಂತರಿಯಲ್ಲ, ನಿಜ. ಆದರೆ ಹೇಳದೆ ಕೇಳದೆ ಒಳಬಂದ ಜೀವಿಯನ್ನು ಮತ್ತೆ ಹೊರಗಟ್ಟಲು ಆಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಇದೇ ಕಳೆಯ ಕಥೆಯಲ್ಲಿ ಗಡಿಯನ್ನು ಸರಿಯಾಗಿ ದಾಟಿ ಬಂದ ಜೀವಿಯೂ ಒಂದಿದೆ. ಪಾರ್ಥೇನಿಯಂ ಎಲೆಯನ್ನು ತಿನ್ನುವ 'ಝೈಗೊಗ್ರಾಮ' ಎಂಬ ದುಂಬಿಯನ್ನು 1983ರಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ತರಿಸಲಾಯಿತು. ತಂದ ಕೂಡಲೇ ಹೊರಗೆ ಬಿಡಲಿಲ್ಲ. ಮುಚ್ಚಿದ ಕೋಣೆಯಲ್ಲಿಟ್ಟು, ನಮ್ಮ ಬೆಳೆಗಳನ್ನು ಒಂದೊಂದಾಗಿ ಅದರ ಮುಂದಿಟ್ಟು, ಯಾವುದನ್ನು ತಿನ್ನುತ್ತದೆ, ಯಾವುದನ್ನು ಮುಟ್ಟುವುದಿಲ್ಲ ಎಂದು ಪರೀಕ್ಷಿಸಿ 1984ರಲ್ಲಿ ಬಿಡಲಾಯಿತು. ಹಾಗಿದ್ದೂ 1990ರ ದಶಕದ ಆರಂಭದಲ್ಲಿ ಕರ್ನಾಟಕದ ಕೆಲವೆಡೆ ಸೂರ್ಯಕಾಂತಿ ಎಲೆಯ ಮೇಲೆ ಈ ದುಂಬಿ ಕಾಣಿಸಿಕೊಂಡು ಗಾಬರಿ ಹುಟ್ಟಿಸಿತು. ಪುನಃ ಪರಿಶೀಲನೆ ನಡೆಯಿತು. ಸೂರ್ಯಕಾಂತಿ ಎಲೆಯ ಮೇಲೆ ಬಿದ್ದ ಪಾರ್ಥೇನಿಯಂ ಪರಾಗವೇ ಅದನ್ನು ಅಲ್ಲಿಗೆ ಸೆಳೆಯಿತೆಂದು ಕಂಡುಬಂತು. ಮುಂಚೆ ಪರೀಕ್ಷೆ, ಬಿಟ್ಟ ಮೇಲೂ ನಿಗಾ, ಸಂಶಯ ಬಂದರೆ ಮರುಪರೀಕ್ಷೆ - ಕುಲಾಂತರಿಗಳ ವಿಷಯದಲ್ಲಿ ದೇಶಗಳು ಬರೆದುಕೊಂಡ ಕಟ್ಟುಪಾಡಿನ ತಿರುಳೂ ಇಷ್ಟೇ.

ಒಪ್ಪಂದ ಹುಟ್ಟಿದ ಬಗೆ

1992ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊ ನಗರದಲ್ಲಿ ಜೀವವೈವಿಧ್ಯ ಒಪ್ಪಂದಕ್ಕೆ ಸಹಿ ಬಿದ್ದಿತು. ಕುಲಾಂತರಿಗಳ ಸಾಗಾಣಿಕೆಗೆ ಬೇರೆ ನಿಯಮಾವಳಿ ಬೇಕೇ ಎಂಬುದನ್ನು ಯೋಚಿಸಬೇಕೆಂದು ಅದರಲ್ಲೇ ಒಂದು ಸಾಲು ಇತ್ತು. 1996ರಿಂದ ಮಾತುಕತೆ ನಡೆದು, 1999ರ ಫೆಬ್ರವರಿಯಲ್ಲಿ ಕೊಲಂಬಿಯ ದೇಶದ ಕಾರ್ಟಜೀನಾ ಬಂದರಿನಲ್ಲಿ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಅಮೆರಿಕ, ಕೆನಡ, ಆಸ್ಟ್ರೇಲಿಯ, ಅರ್ಜೆಂಟೀನ, ಚಿಲಿ, ಉರುಗ್ವೆ ಒಂದು ಗುಂಪು. ಇವು ಧಾನ್ಯ ಮತ್ತು ಬೀಜ ಮಾರುವ ದೇಶಗಳು. ನಮ್ಮಂಥ ಅಭಿವೃದ್ಧಿಶೀಲ ದೇಶಗಳದು ದೊಡ್ಡ ಗುಂಪು. ಯುರೋಪಿನವರದು ಇನ್ನೊಂದು. ಮಾರುವವರು 'ಧಾನ್ಯವನ್ನು ಈ ಒಪ್ಪಂದದೊಳಗೆ ತರಬೇಡಿ, ಬೀಜಕ್ಕಷ್ಟೇ ಇರಲಿ' ಎಂದರು. ಕೊಳ್ಳುವವರು 'ಮೊಳೆಯುವುದೆಲ್ಲ ಬೀಜವೇ' ಎಂದರು. ಸಭೆ ಮುರಿಯಿತು.

ಮುರಿದ ಸಭೆಯನ್ನು ಮತ್ತೆ ಕೂಡಿಸಿದವರು ಕೊಲಂಬಿಯದ ಪರಿಸರ ಸಚಿವ ಹುವಾನ್ ಮಾಯರ್. ಅದೇ ವರ್ಷ ವಿಯೆನ್ನಾದಲ್ಲಿ ಸೇರಿದಾಗ ಯಾವ ಗುಂಪು ಮೊದಲು ಮಾತಾಡಬೇಕೆಂಬ ಜಗಳವೇ ಬೇಡವೆಂದು ಅವರು ಚೀಲದೊಳಗಿನಿಂದ ಬಣ್ಣದ ಚೆಂಡುಗಳನ್ನು ಎತ್ತಿಸಿ ಸರದಿ ಗೊತ್ತುಮಾಡಿದರಂತೆ. ನಮ್ಮಲ್ಲಿ ನೀರಿನ ಸರದಿಗೆ ಚೀಟಿ ಎತ್ತುವುದಿಲ್ಲವೇ, ಹಾಗೆ. ಕಡೆಗೆ 2000ದ ಜನವರಿ 29ರ ಬೆಳಗಿನ ಜಾವ ಕೆನಡದ ಮಾಂಟ್ರಿಯಲ್‌ನಲ್ಲಿ ಒಪ್ಪಂದ ಆಯಿತು. ಮುರಿದು ಬಿದ್ದ ಊರಿನ ಹೆಸರೇ ಅದಕ್ಕೆ ಉಳಿಯಿತು: ಕಾರ್ಟಜೀನಾ ಜೈವಿಕ ಸುರಕ್ಷತಾ ಒಪ್ಪಂದ. ಭಾರತವು 2001ರ ಜನವರಿಯಲ್ಲಿ ಸಹಿ ಹಾಕಿ, 2003ರ ಜನವರಿಯಲ್ಲಿ ಅದನ್ನು ಅನುಮೋದಿಸಿತು. 2003ರ ಸೆಪ್ಟೆಂಬರ್ 11ರಿಂದ ಅದು ಜಾರಿಗೆ ಬಂದಿತು. 170ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಆದರೆ ಜಗತ್ತಿಗೆ ಧಾನ್ಯ ಮಾರುವ ಅಮೆರಿಕ, ಕೆನಡ, ಅರ್ಜೆಂಟೀನ, ಆಸ್ಟ್ರೇಲಿಯ ಇದರಲ್ಲಿ ಸೇರಿಲ್ಲ. ಸಂತೆಯ ಕಟ್ಟುಪಾಡಿಗೆ ದೊಡ್ಡ ಅಂಗಡಿಯವರೇ ಸಹಿ ಹಾಕದಂತಾಯಿತು. ಆದರೂ ಅವರ ಸರಕು ಸದಸ್ಯ ದೇಶದ ಬಂದರಿಗೆ ಬಂದಾಗ ಆ ದೇಶದ ನಿಯಮಕ್ಕೆ ತಲೆಬಾಗಲೇಬೇಕು. ಒಪ್ಪಂದದ ಬಲ ಇರುವುದು ಅಲ್ಲಿ.

ಬಿತ್ತುವ ಬೀಜಕ್ಕೆ ಬಿಗಿಯಾದ ನಿಯಮ

ಹೊಲಕ್ಕೆ, ನೀರಿಗೆ ಅಥವಾ ಬಯಲಿಗೆ ಬಿಡುವ ಉದ್ದೇಶದಿಂದ ಒಂದು ಕುಲಾಂತರಿ ಜೀವಿ ಒಂದು ದೇಶಕ್ಕೆ ಮೊದಲ ಬಾರಿ ಬರುವುದಾದರೆ, ಕಳುಹಿಸುವವರು ಮುಂಚಿತವಾಗಿ ಲಿಖಿತ ತಿಳಿವಳಿಕೆ ಕೊಟ್ಟು ಒಪ್ಪಿಗೆ ಪಡೆಯಬೇಕು. ಆ ಪತ್ರದಲ್ಲಿ ಯಾವ ತಳಿ, ಯಾವ ಜೀವಿಯ ವಂಶವಾಹಿ, ಅದರಿಂದ ಬಂದ ಗುಣವೇನು, ತವರಿನಲ್ಲಿ ಅದಕ್ಕೆ ಅನುಮತಿ ಇದೆಯೇ, ಅಪಾಯದ ಪರಿಶೀಲನೆಯಲ್ಲಿ ಕಂಡದ್ದೇನು ಎಂಬ ವಿವರಗಳು ಇರಬೇಕು. ಪತ್ರ ಮುಟ್ಟಿತೆಂದು ಕೊಳ್ಳುವ ದೇಶ 90 ದಿನಗಳೊಳಗೆ ತಿಳಿಸಬೇಕು. 270 ದಿನಗಳೊಳಗೆ ತೀರ್ಮಾನ ಹೇಳಬೇಕು. ಒಪ್ಪಬಹುದು, ಷರತ್ತು ಹಾಕಿ ಒಪ್ಪಬಹುದು, ನಿರಾಕರಿಸಬಹುದು, ಇನ್ನಷ್ಟು ಮಾಹಿತಿ ಕೇಳಬಹುದು, ಕಾಲಾವಕಾಶ ಬೇಕೆನ್ನಬಹುದು.

ಒಂದು ಅಂಶ ಇಲ್ಲಿ ಬಹು ಮುಖ್ಯ. ಗಡುವಿನೊಳಗೆ ಉತ್ತರ ಬರಲಿಲ್ಲವೆಂದು 'ಮೌನಂ ಸಮ್ಮತಿ ಲಕ್ಷಣಂ' ಎಂದುಕೊಂಡು ಬೀಜ ಕಳುಹಿಸುವಂತಿಲ್ಲ. ಉತ್ತರವಿಲ್ಲವೆಂದರೆ ಒಪ್ಪಿಗೆಯಿಲ್ಲ, ಅಷ್ಟೇ. ಸಣ್ಣ ದೇಶಗಳ ಕಚೇರಿಗಳಲ್ಲಿ ಕಡತ ಎಷ್ಟು ನಿಧಾನವಾಗಿ ಸಾಗುತ್ತದೆಂಬುದು ಬಲ್ಲವರೇ ಈ ಸಾಲನ್ನು ಬರೆದಿರಬೇಕು.

ಇನ್ನೊಂದು, ವಿಜ್ಞಾನಿಗಳೊಳಗೇ ಹೆಚ್ಚು ವಾದಕ್ಕೆ ಕಾರಣವಾದುದು. ಅಪಾಯವಿದೆಯೆಂದು ಪೂರ್ಣವಾಗಿ ಸಿದ್ಧವಾಗದಿದ್ದರೂ, ತಿಳಿವಳಿಕೆ ಸಾಲದೆಂಬ ಕಾರಣಕ್ಕೆ ಒಂದು ದೇಶ ಮುನ್ನೆಚ್ಚರಿಕೆಯಿಂದ ತಡೆಯಬಹುದು. ಇದನ್ನು ಬಳಸಿಕೊಂಡು ಯಾವುದನ್ನಾದರೂ ಕಾರಣವಿಲ್ಲದೆ ತಡೆಯಬಹುದೆಂದು ಹಲವರು ಆಕ್ಷೇಪಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ಆದರೆ ಗೊತ್ತಿಲ್ಲದ್ದನ್ನು ಮೊದಲು ಮೂಲೆಯ ಒಂದು ಮಡಿಯಲ್ಲಿ ಬಿತ್ತಿ ನೋಡಿ, ಆಮೇಲೆ ಹೊಲಕ್ಕೆ ಹಾಕುವುದು ನಮ್ಮ ಒಕ್ಕಲಿಗರಿಗೆ ಹೊಸದೇನಲ್ಲ. ಅಪಾಯದ ಪರಿಶೀಲನೆಯ ವೆಚ್ಚವನ್ನು ಕಳುಹಿಸುವವರಿಂದಲೇ ಭರಿಸುವಂತೆ ಕೇಳಲೂ ಒಪ್ಪಂದದಲ್ಲಿ ಅವಕಾಶವಿದೆ.

ತಿನ್ನುವ ಕಾಳಿನ ತೊಡಕು

ಇಷ್ಟು ಬಿಗಿ ಇರುವುದು ಬೀಜಕ್ಕೆ ಮಾತ್ರ. ಆಹಾರಕ್ಕೆ, ದನಕರುಗಳ ಮೇವಿಗೆ, ಕಾರ್ಖಾನೆಯಲ್ಲಿ ಸಂಸ್ಕರಿಸಲು ಬರುವ ಕಾಳಿಗೆ ಮಾಂಟ್ರಿಯಲ್‌ನಲ್ಲಿ ಬೇರೆ ದಾರಿ ಮಾಡಲಾಯಿತು. ತನ್ನ ನೆಲದಲ್ಲಿ ಒಂದು ಕುಲಾಂತರಿ ಬೆಳೆಗೆ ಅನುಮತಿ ಕೊಟ್ಟ ಸದಸ್ಯ ದೇಶ, ಆ ಕಾಳು ಹೊರದೇಶಕ್ಕೆ ಹೋಗುವ ಸಂಭವವಿದ್ದರೆ, 15 ದಿನಗಳೊಳಗೆ ಅದನ್ನು ಎಲ್ಲರೂ ನೋಡಬಹುದಾದ ಜೈವಿಕ ಸುರಕ್ಷತಾ ಮಾಹಿತಿ ಕೇಂದ್ರಕ್ಕೆ ತಿಳಿಸಬೇಕು. ಬೇಡವೆನ್ನುವ ದೇಶ ತನ್ನ ಕಾನೂನಿನ ಮೂಲಕ ತಡೆಯಬೇಕು. ಕಾಳಿನ ಜೊತೆ ಬರುವ ಕಾಗದದಲ್ಲಿ 'ಇದರಲ್ಲಿ ಕುಲಾಂತರಿ ಇರಬಹುದು. ಬಿತ್ತನೆಗಾಗಿ ಅಲ್ಲ' ಎಂದು ಬರೆದಿರಬೇಕು.

'ಇರಬಹುದು' ಎಂಬ ಮಾತು ನೋಡಿ. ಬೀಜದ ಅಂಗಡಿಯವನು ಚೀಲ ಕೊಡುತ್ತಾ 'ಇದು ಹೈಬ್ರಿಡ್ ಇರಬಹುದು' ಎಂದರೆ ನೀವು ಕೊಳ್ಳುತ್ತೀರಾ? ಈ ಒಂದು ಪದವನ್ನು ತಿದ್ದಲು ಆರು ವರ್ಷ ಬೇಕಾಯಿತು. 2006ರಲ್ಲಿ ಬ್ರೆಜಿಲಿನ ಕುರಿಟಿಬ ನಗರದ ಸಭೆಯಲ್ಲಿ, ಸರಕಿನ ಗುರುತು ತಿಳಿದಿದ್ದರೆ 'ಇದೆ' ಎಂದೇ ಬರೆಯಬೇಕು, ತಿಳಿಯದಿದ್ದಾಗ ಮಾತ್ರ 'ಇರಬಹುದು' ಎಂದು ತೀರ್ಮಾನವಾಯಿತು.

ಕಾಗದ ಬಂದರಿನವರೆಗೆ ಬರುತ್ತದೆ. ಅಲ್ಲಿಂದ ಮುಂದೆ ಕಾಳು ಚೀಲದಿಂದ ಚೀಲಕ್ಕೆ, ಮಂಡಿಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಹೋಗುವಾಗ ಕಾಗದ ಹಿಂದೆಯೇ ಉಳಿಯುತ್ತದೆ. ಮಳೆ ಬಿದ್ದ ದಿನ ಮನೆಯಲ್ಲಿ ಬೀಜ ಸಾಲದಿದ್ದರೆ ಸಣ್ಣ ರೈತ ಏನು ಮಾಡುತ್ತಾನೆಂಬುದನ್ನು ನಿಮಗೆ ನಾನು ಹೇಳಬೇಕೆ? ಹಗೇವಿನ ಕಾಳನ್ನೇ ಆರಿಸಿ ಬಿತ್ತುತ್ತಾನೆ.

ಮೆಕ್ಸಿಕೊದಲ್ಲಿ ಆದದ್ದು ಇದೇ ಎಂಬುದು ಪರಿಣತರ ಊಹೆ. ಮುಸುಕಿನ ಜೋಳದ (ನಮ್ಮ ಉತ್ತರದ ಜಿಲ್ಲೆಗಳವರ ಗೋವಿನ ಜೋಳ) ತವರು ಮೆಕ್ಸಿಕೊ. ಬಿಳಿ, ಹಳದಿ, ಕೆಂಪು, ನೀಲಿ ಕಾಳಿನ ನಾಡತಳಿಗಳು ಅಲ್ಲಿನ ಗುಡ್ಡಗಾಡಿನ ಹೊಲಗಳಲ್ಲಿ ಇಂದಿಗೂ ಇವೆ. ಅವು ಕಲಬೆರಕೆಯಾಗಬಾರದೆಂದು ಆ ದೇಶ 1998ರಲ್ಲಿ ಕುಲಾಂತರಿ ಜೋಳ ಬಿತ್ತುವುದನ್ನೇ ನಿಲ್ಲಿಸಿತ್ತು. ಆದರೆ ಅಮೆರಿಕದಿಂದ ತಿನ್ನುವುದಕ್ಕೆಂದು ಬರುತ್ತಿದ್ದ ಜೋಳವನ್ನು ನಿಲ್ಲಿಸಿರಲಿಲ್ಲ. 2001ರ ನವೆಂಬರ್‌ನಲ್ಲಿ ಇಬ್ಬರು ವಿಜ್ಞಾನಿಗಳು, ಓಹಾಕ ಪ್ರಾಂತ್ಯದ ನಾಡತಳಿಗಳಲ್ಲಿ ಕುಲಾಂತರಿ ಅಂಶ ಸಿಕ್ಕಿತೆಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರಯೋಗದ ವಿಧಾನದ ಬಗ್ಗೆ ದೊಡ್ಡ ವಿವಾದವೆದ್ದು, 2002ರ ಏಪ್ರಿಲ್‌ನಲ್ಲಿ ಪತ್ರಿಕೆಯೇ 'ಆಧಾರ ಸಾಲದು' ಎಂದಿತು. ಆದರೆ ಮೆಕ್ಸಿಕೊ ಸರ್ಕಾರ ತಾನೇ ನಡೆಸಿದ ಪರೀಕ್ಷೆಯಲ್ಲೂ ಆ ಅಂಶ ಕಂಡಿತ್ತು. ಮುಂದಿನ ವರ್ಷಗಳ ಅಧ್ಯಯನಗಳಲ್ಲಿ ಒಂದರಲ್ಲಿ ಸಿಕ್ಕಲಿಲ್ಲ, ಇನ್ನೊಂದರಲ್ಲಿ ಸಿಕ್ಕಿತು. ಜೋಳ ಪರಪರಾಗಸ್ಪರ್ಶದ ಬೆಳೆ. ಒಂದು ಹೊಲದಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಕ್ಕದಿರುವುದು ಬೇಸಾಯ ಬಲ್ಲವರಿಗೆ ಆಶ್ಚರ್ಯವಲ್ಲ. 2004ರಲ್ಲಿ ಉತ್ತರ ಅಮೆರಿಕದ ಮೂರು ದೇಶಗಳ ಪರಿಸರ ಸಹಕಾರ ಆಯೋಗವು ನೀಡಿದ ವರದಿಯಲ್ಲಿ ಒಂದು ಸರಳ ಸಲಹೆಯಿತ್ತು: ಒಳಬರುವ ಜೋಳವನ್ನು ಗಡಿಯಲ್ಲೇ ಬೀಸಿಬಿಡಿ. 2025ರ ಮಾರ್ಚ್‌ನಲ್ಲಿ ಮೆಕ್ಸಿಕೊ ಕುಲಾಂತರಿ ಜೋಳ ಬಿತ್ತುವುದನ್ನು ತನ್ನ ಸಂವಿಧಾನದಲ್ಲಿಯೇ ನಿಷೇಧಿಸಿತು.

ಬೀಸುವ ಮಾತು ಹೊಟ್ಟೆಯ ಪ್ರಶ್ನೆಯಾಗಿ ನಿಂತದ್ದು ಆಫ್ರಿಕದಲ್ಲಿ. 2002ರಲ್ಲಿ ಖಂಡದ ದಕ್ಷಿಣದ ದೇಶಗಳಿಗೆ ಬರ ಬಡಿಯಿತು. ಅಮೆರಿಕದಿಂದ ನೆರವಿನ ಜೋಳ ಬಂತು, ಅದರಲ್ಲಿ ಕುಲಾಂತರಿ ಜೋಳವೂ ಬೆರೆತಿತ್ತು. ಜಿಂಬಾಬ್ವೆ, ಮೊಜಾಂಬಿಕ್, ಮಲಾವಿ ದೇಶಗಳು 'ಬೀಸಿ ಕೊಡಿ, ತಿನ್ನುತ್ತೇವೆ' ಎಂದವು. ಜಾಂಬಿಯ ಒಪ್ಪಲೇ ಇಲ್ಲ. ತನ್ನ ವಿಜ್ಞಾನಿಗಳನ್ನು ಹೊರದೇಶಗಳಿಗೆ ಕಳುಹಿಸಿ ವಿಚಾರಿಸಿ, ಆ ವರ್ಷದ ಅಕ್ಟೋಬರ್‌ನಲ್ಲಿ ಬೇಡವೆಂದೇ ಹೇಳಿತು. ಹಸಿದವರಿದ್ದ ದೇಶ ಕಾಳನ್ನು ತಿರಸ್ಕರಿಸಿದ್ದು ಸರಿಯೇ ಎಂದು ಜಗತ್ತಿನಲ್ಲೆಲ್ಲ ಟೀಕೆಯಾಯಿತು. ಅವರ ಭಯವೂ ಸುಳ್ಳಲ್ಲ: ಬಂದ ಕಾಳಿನಲ್ಲಿ ಒಂದಿಷ್ಟು ಬಿತ್ತನೆಗೆ ಹೋಗಿಯೇ ಹೋಗುತ್ತದೆ, ಮುಂದೆ ಯುರೋಪಿಗೆ ಮಾರುವ ತಮ್ಮ ಬೆಳೆಗೆ ಕುತ್ತು ಬರುತ್ತದೆ ಎಂಬುದು. ಬೀಸುವುದು ಸುಲಭವೆಂದು ನಮಗೆ ತೋರಬಹುದು. ಆದರೆ ಬೀಸುವ ಖರ್ಚು ಯಾರದು? ಹಿಟ್ಟು ಕಾಳಿನಷ್ಟು ದಿನ ಕೆಡದೆ ಉಳಿಯುವುದೂ ಇಲ್ಲ. ಈ ಪ್ರಕರಣ ನಡೆದಾಗ ಕಾರ್ಟಜೀನಾ ಒಪ್ಪಂದ ಇನ್ನೂ ಜಾರಿಗೆ ಬಂದಿರಲಿಲ್ಲ. ಬಂದಿದ್ದರೂ ಜಾಂಬಿಯಕ್ಕೆ ತಡೆಯುವ ಹಕ್ಕು ಸ್ಪಷ್ಟವಾಗುತ್ತಿತ್ತೇ ಹೊರತು ಹಸಿವಿಗೆ ಉತ್ತರ ಸಿಗುತ್ತಿರಲಿಲ್ಲ.

ಹಿಂಡಿಗೆ ಜೀವವಿದೆಯೇ?

ನಮ್ಮ ದೇಶಕ್ಕೂ ಈ ಪ್ರಶ್ನೆ ಬಂತು. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಏರಿ ಕೋಳಿ ಸಾಕುವವರು ಕಂಗಾಲಾದರು. ಆ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅವಕಾಶ ಕೊಟ್ಟಿತು. ಅರೆದು ಎಣ್ಣೆ ತೆಗೆದ ಹಿಂಡಿಯಲ್ಲಿ ಜೀವವಿಲ್ಲ, ಅದು ಮೊಳೆಯಲಾರದು, ಆದ್ದರಿಂದ ಕುಲಾಂತರಿ 'ಜೀವಿ'ಯಲ್ಲ ಎಂಬುದೇ ಕೊಟ್ಟ ಕಾರಣ. ಒಪ್ಪಂದದ ಅಕ್ಷರಕ್ಕೆ ಇದು ಸರಿ. ತಿನ್ನುವ ಸುರಕ್ಷತೆಯ ಪ್ರಶ್ನೆ ಬೇರೆ, ಅದನ್ನು ಆಹಾರ ಕಾನೂನು ನೋಡಬೇಕು. ಸೋಯಾ ಬೆಳೆಯುವ ಬೀದರ್ ಕಡೆಯ ರೈತರಿಗೆ ಇದರಲ್ಲಿ ಇನ್ನೊಂದು ಚಿಂತೆ ಇರುವುದು ಸಹಜ, ಅದು ಬೆಲೆಯದು. ಜೈವಿಕ ಸುರಕ್ಷತೆಯ ಒಪ್ಪಂದ ಅದಕ್ಕೆ ಮದ್ದಲ್ಲ. ಆದರೂ ಕುಲಾಂತರಿಯಿಂದ ನಾಡಿನ ಜೀವವೈವಿಧ್ಯಕ್ಕೆ ಆಗುವ ತೊಂದರೆಯ ಮೂಲಕ ಸ್ಥಳೀಯ ಜನರ ಬದುಕಿಗೆ ಬರುವ ಸಾಮಾಜಿಕ, ಆರ್ಥಿಕ ಪರಿಣಾಮಗಳನ್ನು ಗಣನೆಗೆ ತೆಗೆದುಕೊಳ್ಳಬಹುದೆಂದು ಅದರ 26ನೆಯ ವಿಧಿ ಹೇಳುತ್ತದೆ.

ತಪ್ಪಿ ಬೆರೆತರೆ ನಷ್ಟ ಯಾರಿಗೆ?

ಅಮೆರಿಕದ ಭತ್ತದ ರೈತರ ಅನುಭವ ಇಲ್ಲಿ ನೋಡತಕ್ಕದ್ದು. ಕಳೆನಾಶಕ ತಡೆದುಕೊಳ್ಳುವ 'ಎಲ್.ಎಲ್.-601' ಎಂಬ ಕುಲಾಂತರಿ ಭತ್ತವನ್ನು ಅಲ್ಲಿ ಪ್ರಾಯೋಗಿಕ ತಾಕುಗಳಲ್ಲಿ ಬೆಳೆಸಿ 2001ರಲ್ಲಿ ಕೈಬಿಡಲಾಗಿತ್ತು. ಮಾರಾಟಕ್ಕೆ ಅನುಮತಿಯೇ ಇರಲಿಲ್ಲ. ಐದು ವರ್ಷಗಳ ಮೇಲೆ, 2006ರ ಆಗಸ್ಟ್‌ನಲ್ಲಿ, ಮಾರುಕಟ್ಟೆಯ ಉದ್ದಕ್ಕಿಯಲ್ಲಿ ಅದರ ಅಂಶ ಸಿಕ್ಕಿತೆಂದು ಸರ್ಕಾರ ಪ್ರಕಟಿಸಿತು. ಜಪಾನ್ ಆ ಅಕ್ಕಿಯನ್ನು ನಿಲ್ಲಿಸಿತು, ಯುರೋಪ್ ಪರೀಕ್ಷೆಯಿಲ್ಲದೆ ಒಳಬಿಡೆವೆಂದಿತು, ಬೆಲೆ ಕುಸಿಯಿತು. ಆ ಭತ್ತವನ್ನು ಒಂದು ದಿನವೂ ಬಯಸದ, ಕಾಣದ ರೈತರು ನಷ್ಟ ಹೊತ್ತರು. ನ್ಯಾಯಾಲಯಗಳನ್ನು ಹತ್ತಿ, 2011ರಲ್ಲಿ ಸುಮಾರು 11,000 ರೈತರಿಗೆ 75 ಕೋಟಿ ಡಾಲರ್‌ವರೆಗೆ ಕೊಡಲು ಬೇಯರ್ ಕಂಪನಿ ಒಪ್ಪಿತು. ಐದು ವರ್ಷ ವಕೀಲರನ್ನಿಟ್ಟು ಹೋರಾಡುವ ಶಕ್ತಿ ಅವರಿಗಿತ್ತು.

ನಮ್ಮಲ್ಲೂ ಇದರ ಬಿಸಿ ತಟ್ಟದಿಲ್ಲ. ಭಾರತದಿಂದ ಹೋದ ನುಚ್ಚಕ್ಕಿಯಲ್ಲಿ ಕುಲಾಂತರಿ ಅಂಶ ಕಂಡಿತೆಂದು 2021ರಲ್ಲಿ ಯುರೋಪಿನಲ್ಲಿ ವರದಿಯಾದಾಗ, ನಮ್ಮ ದೇಶದಲ್ಲಿ ಕುಲಾಂತರಿ ಭತ್ತದ ವಾಣಿಜ್ಯ ಬೇಸಾಯವೇ ಇಲ್ಲವೆಂದು ಸರ್ಕಾರ ಉತ್ತರ ಹೇಳಬೇಕಾಯಿತು. ಅಕ್ಕಿ ಕಳುಹಿಸುವ ದೇಶಕ್ಕೆ ಇಂಥ ಒಂದು ಸುದ್ದಿಯೇ ಸಾಕು.

ಕದ್ದು ಗಡಿ ದಾಟಿಸಿದ ಸರಕನ್ನು ಕಳುಹಿಸಿದ ದೇಶವೇ ತನ್ನ ಖರ್ಚಿನಲ್ಲಿ ವಾಪಸು ಕೊಂಡೊಯ್ಯುವಂತೆ ಅಥವಾ ನಾಶಮಾಡುವಂತೆ ಕೇಳಬಹುದೆಂದು ಕಾರ್ಟಜೀನಾ ಒಪ್ಪಂದದ 25ನೆಯ ವಿಧಿಯಲ್ಲಿದೆ. ಅರಿಯದೆ ಗಡಿ ದಾಟುವ ಸಂಭವವಿದ್ದರೆ ನೆರೆಯ ದೇಶಕ್ಕೆ ಕೂಡಲೇ ಸುದ್ದಿ ಮುಟ್ಟಿಸಬೇಕೆಂದು 17ನೆಯ ವಿಧಿ ಹೇಳುತ್ತದೆ. ಹಾನಿಯಾದಾಗ ಹೊಣೆ ಯಾರದೆಂಬ ವಿಷಯ ಮಾತ್ರ ಬಹಳ ಕಾಲ ನೆನೆಗುದಿಗೆ ಬಿದ್ದಿತ್ತು. 2010ರ ಅಕ್ಟೋಬರ್‌ನಲ್ಲಿ ಅದಕ್ಕೆಂದೇ ನಗೋಯ-ಕೌಲಾಲಂಪುರ ಪೂರಕ ಒಪ್ಪಂದವಾಗಿ, 2018ರ ಮಾರ್ಚ್ 5ರಂದು ಜಾರಿಗೆ ಬಂದಿತು. ಭಾರತವೂ ಇದರಲ್ಲಿದೆ. ಆದರೆ ಅದು ಪರಿಗಣಿಸುವುದು ಜೀವವೈವಿಧ್ಯಕ್ಕೆ ಆದ ಹಾನಿಯನ್ನು. ನಿಮ್ಮ ಬೆಳೆಯ ಬೆಲೆ ಕುಸಿದರೆ ಅದರಡಿ ಪರಿಹಾರ ಸಿಕ್ಕೀತೆಂದು ಎಣಿಸಬೇಡಿ.

ನಮ್ಮ ದೇಶದ ಏರ್ಪಾಡು

ಅಂತರರಾಷ್ಟ್ರೀಯ ಒಪ್ಪಂದಕ್ಕಿಂತ ಹತ್ತು ವರ್ಷ ಮೊದಲೇ ನಮ್ಮಲ್ಲಿ ಕಾನೂನು ಇತ್ತು. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಕುಲಾಂತರಿ ಜೀವಿಗಳ ಆಮದು, ತಯಾರಿಕೆ, ಬಳಕೆ ಎಲ್ಲಕ್ಕೂ ಅನುಮತಿ ಬೇಕು. ಬಯಲಿಗೆ ಬಿಡುವ ಪ್ರಸ್ತಾಪವನ್ನು ಕೇಂದ್ರ ಪರಿಸರ ಸಚಿವಾಲಯದ ಜಿ.ಇ.ಎ.ಸಿ. ಸಮಿತಿ ನೋಡುತ್ತದೆ. ಸಂಶೋಧನೆಗೆ ಬರುವ ಕುಲಾಂತರಿ ಬೀಜಗಳನ್ನು ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯಲ್ಲಿ ರೋಗ ಕೀಟಗಳಿಗಾಗಿ ತಪಾಸಣೆ ಮಾಡಲಾಗುತ್ತದೆ. ಆಮದಾಗುವ 24 ಆಹಾರ ಬೆಳೆಗಳಿಗೆ, ಅವು ಕುಲಾಂತರಿಯಲ್ಲವೆಂಬ ಪ್ರಮಾಣಪತ್ರ ಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2021ರ ಮಾರ್ಚ್‌ನಿಂದ ಜಾರಿಗೆ ತಂದಿತು. ಅಕಸ್ಮಾತ್ತಾಗಿ ಬೆರೆತದ್ದಾದರೆ ಶೇಕಡ 1ರವರೆಗೆ ವಿನಾಯಿತಿ.

ಕಾಗದದ ಮೇಲೆ ಇಷ್ಟಿದ್ದೂ ಹೊಲದಲ್ಲಿ ಏನಾಗುತ್ತದೆಂಬುದಕ್ಕೆ ಬದನೆಯೇ ಸಾಕ್ಷಿ. ಬಿ.ಟಿ. ಬದನೆಯ ಬಗ್ಗೆ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿ, 2010ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಮಟ್ಟುಗುಳ್ಳದಂಥ ತಳಿಗಳನ್ನು ಉಳಿಸಿಕೊಂಡಿರುವ ನಾಡಿಗೆ ಇದು ಸಣ್ಣ ವಿಷಯವಾಗಿರಲಿಲ್ಲ. ನೆರೆಯ ಬಾಂಗ್ಲಾದೇಶ 2013ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟು, 2014ರಲ್ಲಿ 20 ರೈತರಿಗೆ ಸಸಿ ಹಂಚಿತು. ಅದು ಅವರ ಹಕ್ಕು. ಆದರೆ 2019ರಲ್ಲಿ ಹರಿಯಾಣದ ಫತೇಹಾಬಾದ್ ಜಿಲ್ಲೆಯ ಒಂದು ಹೊಲದ ಬದನೆಯಲ್ಲಿ ಬಿ.ಟಿ. ವಂಶವಾಹಿ ಇರುವುದು ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ಬೆಳೆಯನ್ನು ಕಿತ್ತು ಹೂಳಲಾಯಿತು. ಬೀಜ ತಯಾರಿಸಿದವನಲ್ಲ, ಮಾರಿದವನೂ ಅಲ್ಲ, ಮೊದಲು ಬೆಳೆ ಕಳೆದುಕೊಂಡವನು ರೈತ.

ವಂಶವಾಹಿಯನ್ನು ಹೊರಗಿನಿಂದ ತಾರದೆ, ಗಿಡದ್ದೇ ವಂಶವಾಹಿಯನ್ನು ತಿದ್ದಿದ ತಳಿಗಳ ಬಗ್ಗೆಯೂ ಹಲವರು ಪತ್ರ ಬರೆದು ಕೇಳುತ್ತಿದ್ದಾರೆ. 2022ರಲ್ಲಿ ನಮ್ಮ ಸರ್ಕಾರ ಅಂಥ ಕೆಲವು ಬಗೆಯ ತಳಿಗಳನ್ನು ಕುಲಾಂತರಿ ನಿಯಮಗಳಿಂದ ಹೊರಗಿಟ್ಟಿತು; 2025ರ ಮೇ ತಿಂಗಳಲ್ಲಿ ಇಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಲಾಯಿತು. ಆದರೆ ಕೊಳ್ಳುವ ದೇಶ ಅವನ್ನೇ ಕುಲಾಂತರಿಯೆಂದು ಎಣಿಸಬಹುದು. ರಫ್ತಿಗೆ ಬೆಳೆಯುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ನಿಮ್ಮ ಹೊಲದ ಮಟ್ಟಿಗೆ

ಮೇಲಿನ ನಿಯಮಗಳೆಲ್ಲ ಬಂದರಿನಲ್ಲಿ, ದೆಹಲಿಯ ಕಚೇರಿಯಲ್ಲಿ ನಡೆಯುವವು. ನಿಮ್ಮ ಕೈಯಲ್ಲಿರುವುದು ಬೀಜದ ಚೀಲದ ಚೀಟಿ ಮತ್ತು ಬಿಲ್ಲು. ಕಳೆನಾಶಕ ಹೊಡೆದರೂ ಸಾಯದ ಹತ್ತಿ ಬೀಜವೆಂದು ಗುಟ್ಟಾಗಿ ಮಾರುವವರು ಹಲವೆಡೆ ಇದ್ದಾರೆ. ಅಂಥ ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಅದರ ಚೀಲದ ಮೇಲೆ ತಯಾರಕರ ವಿಳಾಸವಿರುವುದಿಲ್ಲ, ಬಿಲ್ಲು ಕೇಳಿದರೆ ಕೊಡುವುದಿಲ್ಲ. ಮೊಳಕೆ ಬರದಿದ್ದರೆ, ಕಾಯಿ ಕಟ್ಟದಿದ್ದರೆ, ನೀವು ಯಾರ ಮೇಲೂ ದೂರು ಕೊಡುವ ಹಾಗಿಲ್ಲ. ಎಂಥ ಆಸೆ ತೋರಿಸಿದರೂ ಕೊಳ್ಳಬೇಡಿ. ಸಂಶಯ ಬಂದರೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಬೀಜ ನಿರೀಕ್ಷಕರು ಯಾರೆಂದು ವಿಚಾರಿಸಿ ತಿಳಿಸಿರಿ.

ಹೊರದೇಶದಲ್ಲಿರುವ ಮಗನೋ ಅಳಿಯನೋ ಊರಿಗೆ ಬರುವಾಗ 'ಅಲ್ಲಿನ ಟೊಮೆಟೊ ಬೀಜ ಒಂದಿಷ್ಟು ತಾ' ಎಂದು ಹೇಳಿಕಳುಹಿಸುವುದು ಈಚೆಗೆ ಹೆಚ್ಚಾಗಿದೆ. 2003ರ ಸಸ್ಯ ಆಮದು ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಕಳುಹಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿತ್ತನೆ ಬೀಜ ತರುವಂತಿಲ್ಲ. 2020ರಲ್ಲಿ ಅನೇಕ ದೇಶಗಳಲ್ಲಿ ಜನರಿಗೆ ಕೇಳದೆಯೇ ಅಂಚೆಯಲ್ಲಿ ಬೀಜದ ಪೊಟ್ಟಣಗಳು ಬಂದಾಗ, ನಮ್ಮ ಕೃಷಿ ಸಚಿವಾಲಯವೂ ಎಚ್ಚರಿಕೆಯ ಸುತ್ತೋಲೆ ಹೊರಡಿಸಿತ್ತು. ಅಂಥದ್ದು ಬಂದರೆ ಬಿತ್ತಬೇಡಿ, ತಿಪ್ಪೆಗೂ ಎಸೆಯಬೇಡಿ. ತಿಪ್ಪೆಯಲ್ಲಿ ಅದು ಇನ್ನೂ ಚೆನ್ನಾಗಿ ಮೊಳೆಯುತ್ತದೆ. ಪೊಟ್ಟಣವನ್ನು ಒಡೆಯದೆ ಕೃಷಿ ಇಲಾಖೆಗೆ ಒಪ್ಪಿಸಿ.

ಕೋಳಿ ಮೇವಿಗೆ, ದನದ ಮೇವಿಗೆ ಕೊಂಡ ಕಾಳಿನಲ್ಲಿ ದಪ್ಪವಾಗಿ ಚೆನ್ನಾಗಿ ಕಂಡದ್ದನ್ನು ಆರಿಸಿ ಬಿತ್ತುವ ಅಭ್ಯಾಸವನ್ನು ಬಿಡಿ. ಅದರ ತಳಿ, ಮೂಲ ಯಾವುದೆಂದು ಮಾರಿದವನಿಗೂ ಗೊತ್ತಿರುವುದಿಲ್ಲ. ಬಿತ್ತಿದ ಬೀಜದ ಖಾಲಿ ಚೀಲ, ಅದರ ಚೀಟಿ, ಬಿಲ್ಲು, ಜೊತೆಗೆ ಒಂದು ಹಿಡಿ ಉಳಿದ ಬೀಜ, ಇವನ್ನು ಬೆಳೆ ಮಾರಿ ಹಣ ಕೈಗೆ ಬರುವವರೆಗೆ ಇಲಿ ಮುಟ್ಟದ ಕಡೆ ಕಟ್ಟಿಡಿ.